ಕಾಲೇಜು ಪಾಠವೂ ಬೇಕು, ಗಾಣವೂ ಬೇಕು. ಎರಡೂ ನಡೆಸುತ್ತಿರುವವರು ಯಾರಾದರೂ ಇದ್ದೀರಾ?

ಗಾಣದ ಮೇಷ್ಟ್ರು
ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತದೆ, ಬೇಜಾರು ಮಾಡಿಕೊಳ್ಳಬೇಡಿ.

ತುಮಕೂರಿನ ಒಂದು ಖಾಸಗಿ ಪದವಿ ಕಾಲೇಜಿನಲ್ಲಿ 9 ವರ್ಷದಿಂದ ಕಾಮರ್ಸ್ ಪಾಠ ಮಾಡುತ್ತಿದ್ದೇನೆ. ಕೈಗೆ 38 ಸಾವಿರ ಬರುತ್ತದೆ. ನಮ್ಮೂರು ಸಿರಾ ಕಡೆ. ಅಪ್ಪ ಕಡಲೆಕಾಯಿ ಬೆಳೆಯುತ್ತಾರೆ. ಎರಡು ವರ್ಷದ ಹಿಂದೆ ಚಳ್ಳಕೆರೆಯಲ್ಲಿ ಒಂದು ಮರದ ಗಾಣ ಮೋಟರ್ ಸಮೇತ ಸೆಕೆಂಡ್ ಹ್ಯಾಂಡ್‌ನಲ್ಲಿ ಸಿಕ್ಕಿತು. ಮನೆ ಹಿಂದೆ ಶೀಟ್ ಹಾಕಿಸಿ ಅಲ್ಲೇ ಕೂರಿಸಿದೆ. ಮೊದಲು ನೆಂಟರಿಗೆ, ಸ್ಟಾಫ್ ರೂಮಿನವರಿಗೆ ಅಂತ ಶುರುವಾಗಿದ್ದು ಈಗ ತಿಂಗಳಿಗೆ 140 ಲೀಟರ್ ಕಡಲೆಕಾಯಿ ಎಣ್ಣೆ ಹೋಗುತ್ತಿದೆ. ಲೀಟರ್‌ಗೆ 340 ರೂಪಾಯಿ. ಹೋದ ತಿಂಗಳು ಬೆಂಗಳೂರಿನ ಎರಡು ಅಪಾರ್ಟ್‌ಮೆಂಟ್‌ನವರು ಪ್ರತಿ ತಿಂಗಳು ಬೇಕು ಅಂದರು. ಒಪ್ಪಿಕೊಂಡರೆ 400 ಲೀಟರ್ ದಾಟುತ್ತದೆ.

ಬೆಳಿಗ್ಗೆ ನಾಲ್ಕೂವರೆಗೆ ಎದ್ದು ಏಳೂವರೆವರೆಗೆ ಗಾಣ ಆಡಿಸುತ್ತೇನೆ. ಒಂಬತ್ತಕ್ಕೆ ಕಾಲೇಜಿನಲ್ಲಿ ಥಂಬ್ ಒತ್ತಬೇಕು. ಎಷ್ಟು ಸೋಪು ಹಚ್ಚಿದರೂ ಶರ್ಟಿನ ತೋಳಿನಿಂದ ಕಡಲೆಬೀಜದ ವಾಸನೆ ಹೋಗುವುದಿಲ್ಲ. ಹುಡುಗರು ಹಿಂದಿನಿಂದ 'ಎಣ್ಣೆ ಸರ್' ಅಂತಾರೆ. ಹೊಸದಾಗಿ ಸೇರಿದ ಮಕ್ಕಳ ಅಪ್ಪ ಅಮ್ಮ ಅದನ್ನು ಕೇಳಿಸಿಕೊಂಡು ಏನು ತಿಳಿದುಕೊಳ್ಳುತ್ತಾರೋ ದೇವರಿಗೇ ಗೊತ್ತು.

ಸಮಸ್ಯೆ ಏನಪ್ಪಾ ಅಂದರೆ ನನ್ನ ನೇಮಕಾತಿ ಆದೇಶದಲ್ಲಿ 'ಲಿಖಿತ ಅನುಮತಿ ಇಲ್ಲದೆ ಬೇರೆ ಉದ್ಯೋಗ, ವ್ಯಾಪಾರ ಮಾಡುವಂತಿಲ್ಲ' ಅಂತ ಒಂದು ಸಾಲಿದೆ. ಇಲ್ಲಿವರೆಗೆ ಯಾರೂ ಕೇಳಿಲ್ಲ. ಪ್ರಿನ್ಸಿಪಾಲರೇ ತಿಂಗಳಿಗೆ 5 ಲೀಟರ್ ತಗೊಳ್ಳುತ್ತಾರೆ! ಈಗ ದೊಡ್ಡದು ಮಾಡಬೇಕಾ, ಮಾಡಿದರೆ ಹೇಳಿ ಮಾಡಬೇಕಾ, ಹೇಳದೆ ಮಾಡಬೇಕಾ? ಅನುಭವ ಇದ್ದವರು ಹೇಳಿ.

ಕಲ್ಪತರು ನಾಡಿನವ
ಹೆಂಡತಿ ಹೆಸರಲ್ಲಿ ಮಾಡಿ. ಮುಗೀತು. ಇದಕ್ಕೆ ಇಷ್ಟುದ್ದ ಬರೆಯಬೇಕಿತ್ತಾ?

ಬೆಂದಕಾಳೂರು
ಮೇಲಿನವರು ಹೇಳಿದ್ದೇ ಸರಿ. ನಮ್ಮ ಕಾಲೇಜಿನಲ್ಲಿ ಅರ್ಧ ಸ್ಟಾಫ್ ಹಾಗೇ ಮಾಡುತ್ತಾರೆ. ಒಬ್ಬರ ಹೆಂಡತಿ ಪಿಜಿ ನಡೆಸುತ್ತಾರೆ, ಇನ್ನೊಬ್ಬರ ಹೆಂಡತಿ ಇನ್ಶೂರೆನ್ಸ್ ಏಜೆಂಟು. ಆ ಮೇಡಂಗೆ ತಮ್ಮ ಪಾಲಿಸಿ ನಂಬರೇ ಗೊತ್ತಿಲ್ಲ, ಅದು ಬೇರೆ ಮಾತು.

ಲೆಕ್ಕದವಳು
ಸ್ವಲ್ಪ ನಿಲ್ಲಿ. ಟ್ಯಾಕ್ಸ್ ಕೆಲಸ ಮಾಡುವವಳಾಗಿ ಹೇಳುತ್ತಿದ್ದೇನೆ. 'ಹೆಂಡತಿ ಹೆಸರಲ್ಲಿ ಹಾಕಿದರೆ ಮುಗೀತು' ಅನ್ನುವುದು ನಾನು ದಿನಕ್ಕೊಮ್ಮೆ ಕೇಳುವ ಮಾತು. ಬಂಡವಾಳ ಯಾರದ್ದು? ನೀವು ನಿಮ್ಮ ಸಂಬಳದಿಂದ ಸುಮ್ನೆ ಕೊಟ್ಟ ದುಡ್ಡಿನಲ್ಲಿ ಅವರ ಹೆಸರಿನ ವ್ಯಾಪಾರ ನಡೆದರೆ, ಆ ಬಂಡವಾಳಕ್ಕೆ ತಕ್ಕ ಲಾಭವನ್ನು ಆದಾಯ ತೆರಿಗೆಯವರು ನಿಮ್ಮ ಆದಾಯಕ್ಕೇ ಸೇರಿಸುತ್ತಾರೆ. ಕ್ಲಬ್ಬಿಂಗ್ ಅಂತಾರೆ ಅದಕ್ಕೆ. ಅವರ ಸ್ವಂತ ದುಡ್ಡು ಇದ್ದರೆ, ಇಲ್ಲ ನೀವು ಸರಿಯಾಗಿ ಬಡ್ಡಿ ಹಾಕಿ ಸಾಲ ಅಂತ ಕೊಟ್ಟಿದ್ದರೆ ಬೇರೆ ಮಾತು.

ಇನ್ನೊಂದು, ನಿಮ್ಮ ಲೆಕ್ಕ ನೀವೇ ನೋಡಿದಿರಾ ಸರ್? 140 ಲೀಟರ್‌ಗೆ ವರ್ಷಕ್ಕೆ ಐದು ಮುಕ್ಕಾಲು ಲಕ್ಷ ಆಗುತ್ತದೆ. 400 ಲೀಟರ್ ಅಂದರೆ 16 ಲಕ್ಷ ದಾಟುತ್ತದೆ. ಆಹಾರದ ವ್ಯಾಪಾರಕ್ಕೆ ವರ್ಷದ ವಹಿವಾಟು ಒಂದು ಮಿತಿಯೊಳಗಿದ್ದರೆ ಎಫ್‌ಎಸ್‌ಎಸ್‌ಎಐ (ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ) ರಿಜಿಸ್ಟ್ರೇಷನ್ ಸಾಕು, ಅದರ ಮೇಲೆ ಲೈಸೆನ್ಸ್ ಬೇಕು. ಈಗಿನ ಮಿತಿ ಎಷ್ಟು ಅಂತ ನೋಡಿಕೊಳ್ಳಿ. ಜಿಎಸ್‌ಟಿ ಸರಕಿಗೆ 40 ಲಕ್ಷದವರೆಗೆ ಬೇಡ, ಆದರೆ ರಾಜ್ಯದ ಆಚೆ ಮಾರಿದರೆ ಮೊದಲ ಡಬ್ಬಕ್ಕೇ ರಿಜಿಸ್ಟ್ರೇಷನ್ ಬೇಕು. ಆಂಧ್ರದ ಹಿಂದೂಪುರದ ನೆಂಟರು ಕೇಳಿದರು ಅಂತ ಬಿಲ್ ಹಾಕಿ ಕಳಿಸಬೇಡಿ.

ಅಂದ ಹಾಗೆ ಈಗ ರಿಜಿಸ್ಟ್ರೇಷನ್ ಇದೆಯಾ?

ಗಾಣದ ಮೇಷ್ಟ್ರು
@ಲೆಕ್ಕದವಳು ಮೇಡಂ, ಎಫ್‌ಎಸ್‌ಎಸ್‌ಎಐ ಇದೆ, ನನ್ನ ಹೆಸರಲ್ಲೇ. ಸಣ್ಣ ಉದ್ಯಮಗಳ ಉದ್ಯಮ್ ನೋಂದಣಿ ಕೂಡ ಮಾಡಿಸಿದ್ದೇನೆ. ಜಿಎಸ್‌ಟಿ ಇಲ್ಲ.

ಹಿಂದೂಪುರಕ್ಕೆ ಎರಡು ಸಲ ಕಳಿಸಿದ್ದೇನೆ. ಬಿಲ್ ಹಾಕಿಲ್ಲ.

ಲೆಕ್ಕದವಳು
ಎರಡನೇ ಸಾಲು ನಾನು ಓದಿಲ್ಲ ಅಂದುಕೊಳ್ಳಿ.

ಹುಬ್ಬಳ್ಳಿ ಮಂದಿ
ಸರ್, ನಿಮ್ಮ ಹೆಸರಲ್ಲೇ ರಿಜಿಸ್ಟ್ರೇಷನ್ ಅಂದಮೇಲೆ 'ಹೇಳದೆ ಮಾಡಬೇಕಾ' ಅನ್ನುವ ಪ್ರಶ್ನೆ ಎಲ್ಲಿ ಬಂತು? ಬಾಟಲಿ ಲೇಬಲ್ ಮೇಲೆ ತಯಾರಿಸಿದವರ ಹೆಸರು, ವಿಳಾಸ ಹಾಕಲೇಬೇಕು. ಊರೆಲ್ಲ ನಿಮ್ಮ ಹೆಸರು ಹಚ್ಚಿಕೊಂಡು ಬಾಟಲಿ ತಿರುಗುತ್ತದೆ, ನೀವು ಗುಟ್ಟು ಅಂತೀರಿ.

ನಾನು ಮೆಕ್ಯಾನಿಕಲ್ ಡಿಪಾರ್ಟ್‌ಮೆಂಟಿನಾವ. ಗೋಕುಲ ರೋಡ್ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ಗೆಳೆಯನ ಜೊತೆ ಒಂದು ಲೇತ್ ಶೆಡ್ ಹಾಕಿದ್ದೆ. ಕಾಲೇಜಿನವರಿಗೆ ಮೊದಲೇ ಹೇಳಿದ್ದೆ, ಆ ತಕರಾರು ಇರಲಿಲ್ಲ. ಹೊಡೆತ ಬಿದ್ದದ್ದು ಬೇರೆ ಕಡೆ. ಒಂದು ಡಿಸೆಂಬರ್‌ನಲ್ಲಿ ಪಂಪಿನ ಶಾಫ್ಟ್ 300 ಪೀಸ್ ಆರ್ಡರ್ ಬಂತು. ಅದೇ ವಾರ ಬೆಳಗಾವಿಗೆ ವ್ಯಾಲ್ಯುಯೇಶನ್‌ಗೆ, ಅಂದರೆ ಉತ್ತರ ಪತ್ರಿಕೆ ತಿದ್ದಲು ಹಾಕಿದರು. ನಾನು ಅಲ್ಲಿ ಕಂಪ್ಯೂಟರ್ ಮುಂದೆ ಕುಳಿತು ದಿನಕ್ಕೆ ಇಷ್ಟು ಪೇಪರ್ ಅಂತ ನೋಡುತ್ತಿದ್ದೆ. ಇಲ್ಲಿ ಹುಡುಗ ಡ್ರಾಯಿಂಗಿನ ಹಳೇ ಪ್ರತಿ ಹಿಡಿದುಕೊಂಡು 180 ಪೀಸ್ ಕಡಿದುಬಿಟ್ಟಿದ್ದ. ಎಲ್ಲಾ ಅರ್ಧ ಮಿಲಿಮೀಟರ್ ಕಡಿಮೆ. ಜಾಸ್ತಿ ಆಗಿದ್ದರೆ ಮತ್ತೆ ಕಡಿಯಬಹುದಿತ್ತು. ಕಡಿಮೆ ಆದದ್ದನ್ನು ಏನು ಮಾಡುತ್ತೀರಿ? ತೂಕಕ್ಕೆ ಹಾಕಿದೆವು.

ಅನುಮತಿ ಕಾಗದ ಬಿಡಿ, ಅದು ಸಿಗುತ್ತದೆ. ನೀವು ಕ್ಲಾಸಿನಲ್ಲಿ ಇದ್ದಾಗ ಗಾಣದ ಮುಂದೆ ನಿಲ್ಲೋರು ಯಾರು? ಮೊದಲು ಅದನ್ನು ಹೇಳಿ.

ಕುಡ್ಲದವ
180 ಪೀಸ್ ಗುಜರಿಗೆ! ಓದಿ ನನಗೇ ಹೊಟ್ಟೆ ಉರಿಯಿತು ಮಾರಾಯ್ರೇ.

ಒಂದು ಸೆಮಿಸ್ಟರಿನ ಅತಿಥಿ
ನೀವೆಲ್ಲ ಪುಣ್ಯವಂತರು, 'ಅನುಮತಿ ಕೇಳಬೇಕಾ' ಅಂತ ಯೋಚನೆ ಮಾಡುತ್ತೀರಿ. ನಾನು ಸರ್ಕಾರಿ ಪದವಿ ಕಾಲೇಜಿನ ಅತಿಥಿ ಉಪನ್ಯಾಸಕ. 2022ಕ್ಕೆ ಮುಂಚೆ ನಮಗೆ ತಿಂಗಳಿಗೆ 11 ಸಾವಿರ, 13 ಸಾವಿರ ಕೊಡುತ್ತಿದ್ದರು. ಮುಷ್ಕರ ಮಾಡಿದ ಮೇಲೆ ಮೇಲಿನ ಹಂತದವರಿಗೆ 32 ಸಾವಿರ ಆಯಿತು. ಅದೂ ರಜೆಯ ತಿಂಗಳುಗಳಿಗೆ ಇಲ್ಲ. ಆ ತಿಂಗಳುಗಳಲ್ಲಿ ನಾನು ಅಣ್ಣನ ಜೊತೆ ಶಾಮಿಯಾನ, ಕುರ್ಚಿ ಬಾಡಿಗೆ ವ್ಯಾಪಾರ ಮಾಡುತ್ತೇನೆ. ಏಪ್ರಿಲ್, ಮೇ ಮದುವೆ ಸೀಸನ್, ನಮಗೂ ರಜೆ. ಸರ್ಕಾರವೇ ಶಾಮಿಯಾನಕ್ಕೆ ಅಂತ ಟೈಮ್ ಟೇಬಲ್ ಹಾಕಿಕೊಟ್ಟ ಹಾಗಿದೆ. ಒಂದು ಮದುವೆ ಮನೆಯಲ್ಲಿ ನನ್ನ ವಿದ್ಯಾರ್ಥಿನಿಯೇ ಮದುಮಗಳು. ನಾನು ಕುರ್ಚಿ ಎಣಿಸುತ್ತಾ ನಿಂತಿದ್ದೆ. ಸರ್ ಬನ್ನಿ ಊಟ ಮಾಡಿ ಅಂತ ಎಳೆದುಕೊಂಡು ಹೋಗಿ ಮೊದಲ ಪಂಕ್ತಿಯಲ್ಲೇ ಕೂರಿಸಿದಳು. ಅವತ್ತು 12 ಕುರ್ಚಿ ಕಮ್ಮಿ ಬಂತು, ಕೇಳಲು ಬಾಯಿ ಬರಲಿಲ್ಲ.

ಬೆಂದಕಾಳೂರು
ಬೆಂಗಳೂರಿನ ವಿಜ್ಞಾನ ಸಂಸ್ಥೆ ಐಐಎಸ್ಸಿ ಪ್ರೊಫೆಸರ್‌ಗಳೇ ಕಂಪನಿ ಮಾಡಿದ್ದಾರಲ್ಲ. ಸಿಂಪ್ಯೂಟರ್ ಅನ್ನುವ ಅಗ್ಗದ ಕೈ ಕಂಪ್ಯೂಟರ್ ಮಾಡಿದವರು, 2000ದಲ್ಲಿ ಸ್ಟ್ರ್ಯಾಂಡ್ ಜಿನೋಮಿಕ್ಸ್ ಕಂಪನಿ ಶುರು ಮಾಡಿದವರು ಎಲ್ಲ ಅಲ್ಲಿಯ ಮೇಷ್ಟ್ರುಗಳೇ. ಆಮೇಲೆ 2019ರಲ್ಲಿ ಕೇಂದ್ರದ ಶಿಕ್ಷಣ ಇಲಾಖೆ, ತಾಂತ್ರಿಕ ಶಿಕ್ಷಣ ನೋಡಿಕೊಳ್ಳುವ ಎಐಸಿಟಿಇ ಸೇರಿ ವಿದ್ಯಾರ್ಥಿಗಳಿಗೆ, ಅಧ್ಯಾಪಕರಿಗೆ ಅಂತಲೇ ಸ್ಟಾರ್ಟಪ್ ನೀತಿ ತಂದಿದ್ದಾರೆ. ರಜೆ ಹಾಕಿ ಕಂಪನಿ ಮಾಡಿ ವಾಪಸ್ ಬರಬಹುದು ಅಂತ ಅದರಲ್ಲೇ ಇದೆ. ಗಾಣವೂ ಸ್ಟಾರ್ಟಪ್ಪೇ, ಅದರಲ್ಲಿ ತಪ್ಪೇನು?

ಹುಬ್ಬಳ್ಳಿ ಮಂದಿ
ಐಐಎಸ್ಸಿ ಎಲ್ಲಿ, ನಮ್ಮ ಟ್ರಸ್ಟ್ ಕಾಲೇಜು ಎಲ್ಲಿ. ಅಲ್ಲಿ ರಜೆ ಕೇಳಿದರೆ ಸಬ್ಯಾಟಿಕಲ್, ಕೆಲಸ ಹೋಗದ ದೀರ್ಘ ರಜೆ. ಇಲ್ಲಿ ಕೇಳಿದರೆ 'ಹಾಗಾದರೆ ರಾಜೀನಾಮೆ ಕೊಟ್ಟೇ ಹೋಗಿರಿ, ಹೊರಗೆ 20 ಅರ್ಜಿ ಇವೆ' ಅಂತಾರೆ. ಆ ನೀತಿಯ ಬೋರ್ಡ್ ನಮ್ಮ ಕಾರಿಡಾರಿನಲ್ಲೂ ಇದೆ. ಕಾಲೇಜಿಗೆ ಗ್ರೇಡ್ ಕೊಡುವ ನ್ಯಾಕ್ ತಂಡ ಬರುವ ಹಿಂದಿನ ವಾರ ಹಾಕಿದ್ದು.

ಬ್ಯಾಕ್‌ಬೆಂಚ್ ಬಸವ
ವಿದ್ಯಾರ್ಥಿ ಕಡೆಯಿಂದ ಒಂದು ಮಾತು. ನಮ್ಮ ಕಾಲೇಜಿನ ಹತ್ತಿರ ಒಂದು ಜೆರಾಕ್ಸ್, ಬೈಂಡಿಂಗ್ ಅಂಗಡಿ ಇತ್ತು. ಹೆಸರಿಗೆ ಯಾರದ್ದೋ. ನಮ್ಮ ಒಬ್ಬ ಸರ್‌ದು ಅಂತ ಇಡೀ ಕ್ಲಾಸಿಗೆ ಗೊತ್ತು. ಪ್ರಾಜೆಕ್ಟ್ ರಿಪೋರ್ಟ್ ಬೇರೆ ಕಡೆ ಬೈಂಡ್ ಮಾಡಿಸಿದರೆ 'ಅಲೈನ್‌ಮೆಂಟ್ ಸರಿ ಇಲ್ಲ' ಅಂತ ವಾಪಸ್. ಅವರ ಅಂಗಡಿಯಲ್ಲಿ ಮಾಡಿಸಿದರೆ ಅದೇ ಅಲೈನ್‌ಮೆಂಟ್ ಪಾಸ್. ಪ್ರತಿ ಕಾಪಿಗೆ 60 ರೂಪಾಯಿ ಜಾಸ್ತಿ. ಅವರು ಪಾಠ ಚೆನ್ನಾಗೇ ಮಾಡುತ್ತಿದ್ದರು, ಅದು ಇನ್ನೂ ಬೇಜಾರು.

@ಗಾಣದ ಮೇಷ್ಟ್ರು ಸರ್, ಎಣ್ಣೆಯನ್ನು ವಿದ್ಯಾರ್ಥಿಗಳ ಮನೆಗೆ ಮಾರಬೇಡಿ. ನೀವು ಒತ್ತಾಯ ಮಾಡದಿದ್ದರೂ ಇಂಟರ್ನಲ್ಸ್ (ಕಾಲೇಜಿನಲ್ಲೇ ಕೊಡುವ ಅಂಕ) ನಿಮ್ಮ ಕೈಯಲ್ಲಿರುವಾಗ ನಾವು ಬೇಡ ಅನ್ನೋಕೆ ಆಗಲ್ಲ.

ಗಾಣದ ಮೇಷ್ಟ್ರು
@ಬ್ಯಾಕ್‌ಬೆಂಚ್ ಬಸವ, ನಿಜ ಹೇಳಬೇಕು ಅಂದರೆ ನಾಲ್ಕೈದು ಮಕ್ಕಳ ಮನೆಗೆ ಹೋಗುತ್ತಿದೆ. ಅವರೇ ಕೇಳಿದ್ದು ಅಂತ ಸುಮ್ಮನಿದ್ದೆ. ನೀವು ಹೇಳಿದ ಹಾಗೆ ಯೋಚನೆ ಮಾಡಿರಲಿಲ್ಲ. ಈ ತಿಂಗಳಿಂದ ನಿಲ್ಲಿಸುತ್ತೇನೆ.

ಕ್ಲಾಸಿನಲ್ಲಿ ಗಾಣ ಬರುವುದು ಒಂದೇ ಕಡೆ. ಕಾಸ್ಟ್ ಅಕೌಂಟಿಂಗ್‌ನಲ್ಲಿ ಬೈ ಪ್ರಾಡಕ್ಟ್ (ಉಪ ಉತ್ಪನ್ನ) ಪಾಠಕ್ಕೆ, ಎಣ್ಣೆ ತೆಗೆದ ಮೇಲೆ ಉಳಿಯುವ ಹಿಂಡಿಯ ಲೆಕ್ಕವನ್ನೇ ಕೊಡುತ್ತೇನೆ. ಪುಸ್ತಕದ 'ಎಕ್ಸ್ ಕಂಪನಿ' ಲೆಕ್ಕಕ್ಕಿಂತ ಬೇಗ ತಲೆಗೆ ಹೋಗುತ್ತದೆ.

ತೆಂಗಿನಕಾಯಿ ತಿಮ್ಮ
ಅದಿರಲಿ, 340 ರೂಪಾಯಿ ಯಾಕೆ ಮೇಷ್ಟ್ರೇ? ಅಂಗಡಿಯಲ್ಲಿ ಅದರ ಅರ್ಧಕ್ಕೆ ಪಾಕೆಟ್ ಸಿಗುತ್ತದೆ. ಗಾಣದವರೆಲ್ಲ ಸೇರಿ ಸುಲಿಗೆ ಮಾಡುತ್ತಿದ್ದೀರಿ.

ಗಾಣದ ಮೇಷ್ಟ್ರು
ಅಣ್ಣಾ, ಹಿಂಡಿಯ ಲೆಕ್ಕ ಅಂದೆನಲ್ಲ, ಅದನ್ನೇ ನೋಡಿ. 1 ಲೀಟರ್‌ಗೆ ಎರಡೂವರೆ ಕೆಜಿ ಬೀಜ ಬೇಕು. ಆರಿಸಿದ ಬೀಜ ನನಗೆ ಕೆಜಿಗೆ 125ರಿಂದ 130 ಬೀಳುತ್ತದೆ. ಅಲ್ಲಿಗೇ 320 ಆಯಿತು. ಹಿಂಡಿ ಮಾರಿದ್ದರಿಂದ ಸುಮಾರು 55 ವಾಪಸ್. ಕರೆಂಟು, ಬಾಟಲಿ, ಲೇಬಲ್, ಬೀಜ ಆರಿಸುವ ಇಬ್ಬರು ಹೆಂಗಸರ ಕೂಲಿ ಸೇರಿ 40. ಉಳಿಯುವುದು 35. ಮಿಲ್ಲಿನವರು ಒತ್ತಿ ತೆಗೆದ ಮೇಲೂ ಹಿಂಡಿಯಲ್ಲಿ ಉಳಿದ ಎಣ್ಣೆಯನ್ನು ಸಾಲ್ವೆಂಟ್ ಅನ್ನುವ ಕರಗಿಸುವ ರಾಸಾಯನಿಕ ಹಾಕಿ ಎಳೆದುಕೊಳ್ಳುತ್ತಾರೆ. ನಮ್ಮ ಗಾಣದಲ್ಲಿ ಅದು ಹಿಂಡಿಯಲ್ಲೇ ಉಳಿಯುತ್ತದೆ, ಪಕ್ಕದ ಮನೆ ಎಮ್ಮೆಗೆ ಲಾಭ.

ತೆಂಗಿನಕಾಯಿ ತಿಮ್ಮ
35 ರೂಪಾಯಿಗಾಗಿ ನಾಲ್ಕೂವರೆಗೆ ಏಳುತ್ತೀರಾ?

ಲೆಕ್ಕದವಳು
ತಿಮ್ಮಣ್ಣ ತಿಳಿಯದೇ ಸರಿಯಾದ ಜಾಗಕ್ಕೆ ಕೈ ಹಾಕಿದರು ನೋಡಿ. 140 ಲೀಟರ್‌ಗೆ ತಿಂಗಳಿಗೆ 4,900. 400 ಲೀಟರ್‌ಗೆ 14,000. ನಿಮ್ಮ ಕೂಲಿ ಅದರಲ್ಲಿ ಸೇರಿಲ್ಲ. ಬೆಂಗಳೂರಿಗೆ ಸಾಗಿಸುವ ಖರ್ಚೂ ಸೇರಿಲ್ಲ. ಒಂದು ಸಲಕ್ಕೆ ಎಷ್ಟು ಬೀಜ ಹಾಕುತ್ತೀರಿ?

ಗಾಣದ ಮೇಷ್ಟ್ರು
20 ಕೆಜಿ. ಸುಮಾರು ಒಂದು ಗಂಟೆ. 8 ಲೀಟರ್ ಬರುತ್ತದೆ.

ಲೆಕ್ಕದವಳು
ಅಂದರೆ 400 ಲೀಟರ್‌ಗೆ 50 ಗಂಟೆ ಗಾಣ. ದಿನಾ ಮೂರು ಗಂಟೆಯಂತೆ 17 ಬೆಳಿಗ್ಗೆ. ಕಾಗದದ ಮೇಲೆ ಆಗುತ್ತದೆ. ಆದರೆ ಸೋಸುವುದು, ತುಂಬುವುದು, ಡೆಲಿವರಿ, 'ಅಣ್ಣಾ ಬಾಟಲಿ ಸೋರುತ್ತಿದೆ' ಫೋನು, ಇವೆಲ್ಲ ಯಾವ ಪೀರಿಯಡ್‌ನಲ್ಲಿ?

ಗಾಣದ ಮೇಷ್ಟ್ರು
ಅಲ್ಲೇ ಸಿಕ್ಕಿಹಾಕಿಕೊಂಡಿದ್ದೇನೆ. ತೆಗೆದ ಎಣ್ಣೆಯನ್ನು ಸ್ಟೀಲ್ ಡ್ರಮ್ಮಿನಲ್ಲಿ ಮೂರು ದಿನ ಅಲುಗಾಡಿಸದೆ ಬಿಡಬೇಕು. ಗಸಿ ತಳಕ್ಕೆ ಕೂತ ಮೇಲೆ ಮೇಲಿನದ್ದನ್ನು ಬಟ್ಟೆಯಲ್ಲಿ ಸೋಸಬೇಕು. ಹೋದ ನವೆಂಬರ್‌ನಲ್ಲಿ ಇಂಟರ್ನಲ್ಸ್ ನಡೆಯುತ್ತಿತ್ತು, ಅದೇ ಹೊತ್ತಿಗೆ ಊರಲ್ಲಿ ಕಡಲೆಕಾಯಿ ಕಿತ್ತು ವರ್ಷದ ಮಾಲು ತುಂಬಿಕೊಳ್ಳುವ ಸಮಯ. ಅವಸರದಲ್ಲಿ ಎರಡನೇ ದಿನವೇ ತುಂಬಿಸಿದೆ. ಬೀಜವೂ ಸರಿಯಾಗಿ ಒಣಗಿರಲಿಲ್ಲ. ಕೈಯಲ್ಲಿ ಅಲ್ಲಾಡಿಸಿದರೆ ಗಲಗಲ ಅನ್ನಬೇಕು, ಅದು ಮೆತ್ತಗಿತ್ತು. ಹೋಗಲಿ ಅಂತ ಹಾಕಿದೆ. 22 ಬಾಟಲಿ ವಾಸನೆ ಬಂದು ವಾಪಸ್ ಬಂತು. ಅದೇ ವಾರ ಒಂದು ಸೆಕ್ಷನ್‌ನ ಅಂಕ ತಪ್ಪು ಕಾಲಂಗೆ ಹಾಕಿ ವಿಭಾಗದ ಮುಖ್ಯಸ್ಥರ ಹತ್ತಿರ ಮಾತು ಕೇಳಿದೆ.

ಮೈಸೂರು ಮಲ್ಲಿಗೆ ಅಲ್ಲ
ನಾನು ಸೋತವಳು, ನನ್ನದೂ ಕೇಳಿ. ಕಾಲೇಜು ಬಿಡದೆ ಮೈಸೂರಿನಲ್ಲಿ ಟಿಫಿನ್ ಪಾರ್ಸೆಲ್ ಕಿಚನ್ ಹಾಕಿದೆ. ನಂಬಿಕೆಯ ಅಡುಗೆಯವರು ಇದ್ದರು. ಅವರು ಇರುವ ತನಕ ಚೆನ್ನಾಗಿತ್ತು. ಒಂದು ದಿನ ಬೆಳಿಗ್ಗೆ ಏಳಕ್ಕೆ ಫೋನು, 'ಅಕ್ಕಾ, ಊರಿಗೆ ಹೋಗುತ್ತಿದ್ದೇನೆ.' ಅವತ್ತು ನನಗೆ ಒಂಬತ್ತೂವರೆಗೆ ಇನ್ವಿಜಿಲೇಶನ್, ಪರೀಕ್ಷೆ ಮೇಲ್ವಿಚಾರಣೆ. 60 ಡಬ್ಬ ಆರ್ಡರ್. ಅತ್ತುಕೊಂಡೇ ಉಪ್ಪಿಟ್ಟು ಕಲಕಿದೆ. ಹದಿನಾಲ್ಕು ತಿಂಗಳಿಗೆ ಮುಚ್ಚಿದೆ, 4 ಲಕ್ಷ ಹೋಯಿತು. ಈಗಲೂ ಕ್ಲಾಸಿನಲ್ಲಿ ಯಾರದ್ದಾದರೂ ಫೋನು ಕುಯ್ ಅಂದರೆ ಎದೆ ಝಲ್ ಅನ್ನುತ್ತದೆ.

ಹಳೇ ಪ್ರಿನ್ಸಿಪಾಲ್
ನಾನು ನಿವೃತ್ತನಾಗಿ ಆರು ವರ್ಷ ಆಯಿತು. ಮೇಜಿನ ಆಚೆ ಬದಿಯಿಂದ ಹೇಳುತ್ತೇನೆ.

ಮೊದಲು ಒಂದು ವಿಷಯ ತಿಳಿದುಕೊಳ್ಳಿ. ಸರ್ಕಾರಿ ಕಾಲೇಜಿನವರ ಕಥೆಯೇ ಬೇರೆ. ಅವರಿಗೆ 2021ರ ನಡತೆ ನಿಯಮ ಇದೆ. ಪೂರ್ವಾನುಮತಿ ಇಲ್ಲದೆ ವ್ಯಾಪಾರ ಮಾಡಿದರೆ ಇಲಾಖಾ ವಿಚಾರಣೆ. ಇಲ್ಲಿ ಓದುತ್ತಿರುವ ಸರ್ಕಾರಿ ಮೇಷ್ಟ್ರು ಯಾರೂ ಮೇಲಿನವರ ಮಾತು ಕೇಳಿ ಬೋರ್ಡ್ ಹಾಕಬೇಡಿ. ನಿಮ್ಮದು ಖಾಸಗಿ, ನಿಮ್ಮ ನೇಮಕಾತಿ ಆದೇಶವೇ ನಿಮಗೆ ಕಾನೂನು. ಅದರಲ್ಲಿ 'ಲಿಖಿತ ಅನುಮತಿ ಇಲ್ಲದೆ' ಅಂತ ಇದೆ ಅಂದರೆ ಅನುಮತಿ ಕೊಡಬಹುದು ಅಂತಲೂ ಅರ್ಥ. ಅದನ್ನು ಯಾರೂ ಓದುವುದಿಲ್ಲ!

ಯುಜಿಸಿಯ (ವಿಶ್ವವಿದ್ಯಾಲಯ ಧನಸಹಾಯ ಆಯೋಗ) 2018ರ ನಿಯಮಾವಳಿಯಲ್ಲಿ ಸಹಾಯಕ ಪ್ರಾಧ್ಯಾಪಕರಿಗೆ ವಾರಕ್ಕೆ 16 ಗಂಟೆ ಪಾಠ, ಒಟ್ಟು 40 ಗಂಟೆ ಕೆಲಸ, ದಿನಕ್ಕೆ ಕನಿಷ್ಠ 5 ಗಂಟೆ ಕಾಲೇಜಿನಲ್ಲಿ ಸಿಗಬೇಕು ಅಂತ ಇದೆ. ಅದರ ನೀತಿ ಸಂಹಿತೆಯೂ ವೃತ್ತಿಯ ಹೊಣೆಗೆ ಅಡ್ಡಿಯಾಗುವಂಥ ಬೇರೆ ಉದ್ಯೋಗ, ಟ್ಯೂಷನ್ ಬೇಡ ಅನ್ನುತ್ತದೆ. ಅಡ್ಡಿ ಆಯಿತೋ ಇಲ್ಲವೋ ಅನ್ನುವುದನ್ನು ತೀರ್ಮಾನ ಮಾಡುವವರು ಯಾರು? ಪ್ರಿನ್ಸಿಪಾಲ್.

ನನ್ನ ಹತ್ತಿರ ಇಬ್ಬರು ಬಂದಿದ್ದರು. ಒಬ್ಬರು ಕಾಗದ ಬರೆದುಕೊಂಡು ಬಂದು, ಇಷ್ಟು ಹೊತ್ತಿನಿಂದ ಇಷ್ಟು ಹೊತ್ತು ನರ್ಸರಿ ಗಿಡದ ಕೆಲಸ, ಕಾಲೇಜಿಗೆ ಒಂದು ಗಿಡವನ್ನೂ ಮಾರುವುದಿಲ್ಲ ಅಂತ ಹೇಳಿದರು. ಸಹಿ ಹಾಕಿದೆ. ಇನ್ನೊಬ್ಬರು ಏನೂ ಹೇಳಿರಲಿಲ್ಲ. ಅವರ ರಿಯಲ್ ಎಸ್ಟೇಟ್ ಗಿರಾಕಿಗಳು ಸ್ಟಾಫ್ ರೂಮಿಗೇ ಬರುತ್ತಿದ್ದರು. ಅವರ ಕ್ಲಾಸನ್ನು ಒಬ್ಬ ಹೊಸ ಹುಡುಗಿ ಮೂರು ತಿಂಗಳು ಪುಕ್ಕಟೆ ನಡೆಸಿದ್ದಳು. ಅವಳು ನನ್ನ ಹತ್ತಿರ ಬಂದು ಅತ್ತ ದಿನ ಮೆಮೊ ಕೊಟ್ಟೆ.

ನಿಮ್ಮ ಪ್ರಿನ್ಸಿಪಾಲರು ಎಣ್ಣೆ ಕೊಳ್ಳುತ್ತಾರೆ ಅಂತ ನೆಚ್ಚಿಕೊಳ್ಳಬೇಡಿ. ನಾಳೆ ಅವರು ಬದಲಾಗುತ್ತಾರೆ, ನಿಮ್ಮ ಫೈಲಿನಲ್ಲಿ ಏನೂ ಇರುವುದಿಲ್ಲ.

ಕಲ್ಪತರು ನಾಡಿನವ
ಸರ್ ಹೇಳಿದ್ದು ಒಪ್ಪಿದೆ. ಆದರೂ ಹೆಂಡತಿ ಹೆಸರಲ್ಲಿ ಹಾಕಿದರೆ ಇಷ್ಟೆಲ್ಲ ಕಾಗದ ಬೇಡ ಅನ್ನುವುದು ನನ್ನ ವಾದ.

ಮೇಷ್ಟ್ರ ಮನೆಯಾಕೆ
ಹೆಂಡತಿ ಹೆಸರಲ್ಲಿ, ಹೆಂಡತಿ ಹೆಸರಲ್ಲಿ. ಬೆಳಿಗ್ಗೆಯಿಂದ ನೋಡುತ್ತಿದ್ದೇನೆ. ಹೆಂಡತಿಯನ್ನು ಕೇಳಿದಿರಾ?

ನನ್ನ ಯಜಮಾನರೂ ಉಪನ್ಯಾಸಕರೇ, ಬೇರೆ ಊರು. ನನ್ನ ಹೆಸರಲ್ಲಿ ಮಸಾಲೆ ಪುಡಿ ವ್ಯಾಪಾರ ಶುರು ಮಾಡಿದರು. ಮೊದಲ ವರ್ಷ ನನ್ನ ಕೆಲಸ ಸಹಿ ಹಾಕುವುದು. ಬ್ಯಾಂಕಿನಿಂದ ಬರುವ ಓಟಿಪಿ ಓದಿ ಹೇಳುವುದು. 'ಪ್ರೊಪ್ರೈಟರ್ ಯಾರಮ್ಮ' ಅಂತ ಆಹಾರ ಇಲಾಖೆಯವರು ಬಂದು ಕೇಳಿದಾಗ ನಾನೇ ಅಂದೆ. ಮೆಣಸಿನಕಾಯಿ ಎಲ್ಲಿಂದ ತರಿಸುತ್ತೀರಿ ಅಂದರು. ಗೊತ್ತಿಲ್ಲ ಅಂದೆ. ಅವರು ನಕ್ಕರು. ಆ ನಗು ಇವತ್ತಿಗೂ ಮರೆತಿಲ್ಲ.

ಅವತ್ತು ಸಂಜೆ ಜಗಳ ಆಡಿದೆ. ನನ್ನ ಹೆಸರು ಇದ್ದರೆ ವ್ಯಾಪಾರ ನನ್ನದು, ಲೆಕ್ಕ ನನ್ನದು, ಬ್ಯಾಡಗಿಗೆ ಮೆಣಸಿನಕಾಯಿ ತರಲು ಹೋಗುವವಳೂ ನಾನೇ, ನೀವು ಕಾಲೇಜಿಗೆ ಹೋಗಿ ಅಂದೆ. ಈಗ ನಾಲ್ಕು ವರ್ಷ ಆಯಿತು. ಅವರು ಭಾನುವಾರ ಬಂದು ಪ್ಯಾಕಿಂಗ್ ಮಾಡುತ್ತಾರೆ, ಟೇಪ್ ಸೊಟ್ಟ ಅಂಟಿಸಿದರೆ ಬೈಸಿಕೊಳ್ಳುತ್ತಾರೆ.

ಕುಡ್ಲದವ
ಅಕ್ಕಾ, ನಮಸ್ಕಾರ! ಇಷ್ಟು ಹೊತ್ತು ಬರೆದ ಗಂಡಸರೆಲ್ಲ ಒಂದು ಗ್ಲಾಸ್ ನೀರು ಕುಡಿಯಿರಿ.

ಕಲ್ಪತರು ನಾಡಿನವ
ಕುಡಿದೆ.

ಲೆಕ್ಕದವಳು
@ಮೇಷ್ಟ್ರ ಮನೆಯಾಕೆ ❤️

ಇನ್ನೊಂದು ಬಿಟ್ಟೇ ಹೋಯಿತು. ಮೇಷ್ಟ್ರೇ, ಸಂಬಳದ ಜೊತೆ ವ್ಯಾಪಾರದ ಆದಾಯ ಇದ್ದರೆ ಸಂಬಳದವರ ಮಾಮೂಲಿ ಫಾರಂ ನಡೆಯುವುದಿಲ್ಲ, ಆದಾಯ ತೆರಿಗೆ ರಿಟರ್ನ್‌ನ ಐಟಿಆರ್ 3 ಇಲ್ಲ 4 ಹಾಕಬೇಕು. ಬರೀ ಸಂಬಳ ಇದ್ದವರು ತೆರಿಗೆಯ ಹಳೆ ಪದ್ಧತಿ, ಹೊಸ ಪದ್ಧತಿ ಅಂತ ವರ್ಷ ವರ್ಷ ಬದಲಿಸಬಹುದು. ವ್ಯಾಪಾರ ಇದ್ದವರು ಹೊಸದನ್ನು ಬಿಟ್ಟು ಹೋದರೆ ವಾಪಸ್ ಬರಲು ಒಂದೇ ಅವಕಾಶ. ಯೋಚಿಸಿ ಟಿಕ್ ಮಾಡಿ.

ಗಾಣದ ಮೇಷ್ಟ್ರು
ಎರಡು ವಾರ ಬಿಟ್ಟು ಬರೆಯುತ್ತಿದ್ದೇನೆ. ಎಲ್ಲರಿಗೂ ಥ್ಯಾಂಕ್ಸ್, ಬೈದವರಿಗೆ ಜಾಸ್ತಿ.

ಮನೆಯವಳಿಗೆ ಈ ಚರ್ಚೆ ಪೂರ್ತಿ ಓದಿಸಿದೆ. ಮಸಾಲೆ ಅಕ್ಕ ಬರೆದದ್ದನ್ನು ಎರಡು ಸಲ ಓದಿದಳು. ಆಮೇಲೆ 'ಗಾಣ ನನಗೆ ಬೇಡ, ಮಗು ಇನ್ನೂ ಚಿಕ್ಕದು, ನನ್ನ ಹೆಸರನ್ನು ಎಲ್ಲೂ ಹಾಕಬೇಡಿ' ಅಂದಳು. ಆ ಮಾತು ಅಲ್ಲಿಗೆ ಮುಗೀತು.

ಕಾಗದ ಬರೆದು ಕೊಟ್ಟೆ. ಬೆಳಿಗ್ಗೆ ಮಾತ್ರ, ವಿದ್ಯಾರ್ಥಿಗಳ ಮನೆಗೆ, ಸ್ಟಾಫ್ ರೂಮಿಗೆ ಮಾರಾಟ ಇಲ್ಲ ಅಂತ ಬರೆದೆ. ಪ್ರಿನ್ಸಿಪಾಲರು ಓದಿ, 'ಸ್ಟಾಫ್ ರೂಮಿಗೆ ಇಲ್ಲ ಅಂದರೆ ನನ್ನ 5 ಲೀಟರ್?' ಅಂದರು. ಅದನ್ನೂ ನಿಲ್ಲಿಸುತ್ತೇನೆ ಸರ್ ಅಂದೆ. ಸ್ವಲ್ಪ ಹೊತ್ತು ಮುಖ ನೋಡಿ, ಮ್ಯಾನೇಜ್‌ಮೆಂಟಿಗೆ ಕಳಿಸುತ್ತೇನೆ ಅಂದರು. ಇನ್ನೂ ಉತ್ತರ ಬಂದಿಲ್ಲ.

ಬೆಂಗಳೂರಿನ ಎರಡರಲ್ಲಿ ಒಂದು ಅಪಾರ್ಟ್‌ಮೆಂಟಿಗೆ ಮಾತ್ರ ಒಪ್ಪಿಕೊಂಡೆ, ತಿಂಗಳಿಗೆ 90 ಲೀಟರ್. ಎಫ್‌ಎಸ್‌ಎಸ್‌ಎಐ ರಿಜಿಸ್ಟ್ರೇಷನ್ ಮಿತಿಯೊಳಗೇ ನಿಲ್ಲುತ್ತದೆ. ಹುಬ್ಬಳ್ಳಿ ಸರ್ ಕೇಳಿದ ಪ್ರಶ್ನೆಗೆ ಉತ್ತರ: ನಮ್ಮೂರಿನ ಚಿಕ್ಕಪ್ಪನ ಮಗ, ಐಟಿಐ ಮಾಡಿದ್ದಾನೆ. ದಿನದ ಲೆಕ್ಕಕ್ಕೆ ಬೇಡ ಅಣ್ಣ, ಲೀಟರ್‌ಗೆ ಇಷ್ಟು ಅಂತ ಕೊಡು ಅಂದ. 10 ರೂಪಾಯಿಗೆ ಒಪ್ಪಿದ್ದೇವೆ. ಆ 35ರಲ್ಲಿ ನನಗೆ 25.

ಹುಬ್ಬಳ್ಳಿ ಮಂದಿ
ಛಲೋ ಆಯಿತು. ಅವನ ಮುಂದೆ ಡ್ರಮ್ಮಿನ ಮೇಲೆ ತಾರೀಖು ಬರೆದಿಡಿ, ದೊಡ್ಡ ಅಕ್ಷರದಲ್ಲಿ. ಬಾಯಲ್ಲಿ ಹೇಳಿದ್ದು ನಿಲ್ಲುವುದಿಲ್ಲ.

ತೆಂಗಿನಕಾಯಿ ತಿಮ್ಮ
25 ರೂಪಾಯಿಗಾಗಿ ನಾಲ್ಕೂವರೆಗೆ ಏಳುತ್ತೀರಾ?

ಗಾಣದ ಮೇಷ್ಟ್ರು
ಇಲ್ಲ ತಿಮ್ಮಣ್ಣ. ಈಗ ಐದೂವರೆಗೆ.

ತೆಂಗಿನಕಾಯಿ ತಿಮ್ಮ
ಸರಿ ಹಾಗಾದರೆ. ನಮ್ಮಲ್ಲಿ ಕೊಬ್ಬರಿ 40 ಕೆಜಿ ಇದೆ, ಆಡಿಸಿಕೊಡ್ತೀರಾ? ಹಿಂಡಿ ನನಗೇ ಬೇಕು.